ಬಚ್ಚಲು ಕಟ್ಟಿಕೊಂಡಿತೇ? ಆಸಿಡ್ ಬೇಡ, ಕೊಕ್ಕೆ ಸಾಕು!

ಹಬ್ಬದ ದಿನವೇ ಬಚ್ಚಲು ಕಟ್ಟಿಕೊಳ್ಳಬೇಕೇ? ನರಕ ಚತುರ್ದಶಿಯ ಬೆಳಗ್ಗೆ ಮನೆಮಂದಿಯೆಲ್ಲ ತಲೆಗೆ ಎಣ್ಣೆ ಒತ್ತಿಕೊಂಡು ಸರದಿಗಾಗಿ ಕಾಯುತ್ತಿರುತ್ತಾರೆ. ಮೊದಲ ಇಬ್ಬರ ಸ್ನಾನ ಆಗುತ್ತದೆ. ಮೂರನೆಯವರು ಒಳಗೆ ಹೋದವರೇ ‘ಏನ್ರೀ ಇದು, ನೀರೇ ಹೋಗ್ತಿಲ್ಲ!’ ಅಂತ ಕೂಗುತ್ತಾರೆ. ಪಾದ ಮುಳುಗುವಷ್ಟು ನೀರು, ಮೇಲೆ ಸೀಗೆಪುಡಿಯ ನೊರೆ, ಅಲ್ಲಲ್ಲಿ ತೇಲುವ ಕೂದಲು. ಪ್ಲಂಬರ್‌ಗೆ ಫೋನ್ ಮಾಡಿದರೆ ‘ಹಬ್ಬ ಅಲ್ವಾ ಮೇಡಂ, ನಾಡಿದ್ದು ಬರ್ತೀನಿ’ ಅನ್ನುತ್ತಾರೆ. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, ‘ಒಂದು ಬಾಟ್ಲಿ ಆಸಿಡ್ ತಂದು ಸುರೀರಿ, ಎಲ್ಲಾ ಸರಿ ಹೋಗುತ್ತೆ.’

ಸರಿ ಹೋಗುವುದಿಲ್ಲ. ಅಷ್ಟೇ ಅಲ್ಲ, ಗಾಳಿ ಆಡದ ಐದಡಿ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ ತರಬಹುದು. ಕಟ್ಟಿಕೊಂಡ ಬಚ್ಚಲನ್ನು ಬಿಡಿಸಲು ಹದಿನೈದು ನಿಮಿಷ, ಒಂದು ಹಳೇ ಸೈಕಲ್ ಕಡ್ಡಿ ಮತ್ತು ಸ್ವಲ್ಪ ಗಟ್ಟಿ ಮನಸ್ಸು ಇದ್ದರೆ ಸಾಕು. ಹೇಗೆ ಅಂತೀರಾ? ಮೊದಲು ಅದು ಕಟ್ಟಿಕೊಳ್ಳುವುದಾದರೂ ಹೇಗೆ ಅನ್ನೋದನ್ನು ನೋಡೋಣ.

ಒಂದು ಎಳೆಯಿಂದ ಶುರು

ಒಂದು ಕೂದಲು ಪೈಪಿಗೆ ಇಳಿದರೆ ಏನೂ ಆಗುವುದಿಲ್ಲ, ನೀರಿನ ಜೊತೆ ಹೋಗಿಬಿಡುತ್ತದೆ. ಆದರೆ ಜಾಲರಿಯ ಕೆಳಗೆ ಗಾರೆಯವರು ಬಿಟ್ಟುಹೋದ ಸಿಮೆಂಟಿನ ಚೂಪು ಇರುತ್ತದೆ, ಇಲ್ಲವೇ ಸ್ಕ್ರೂವಿನ ಮೊನೆ ಇರುತ್ತದೆ. ಮೊದಲ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಇನ್ನೊಂದು ಸುತ್ತಿಕೊಳ್ಳುತ್ತದೆ. ಆಮೇಲೆ ಅದೊಂದು ಬಲೆ. ಆ ಬಲೆಗೆ ತಲೆಯ ಎಣ್ಣೆ, ಸೋಪಿನ ಜಿಡ್ಡು, ಸೀಗೆಪುಡಿ, ಕಡಲೆಹಿಟ್ಟು ಎಲ್ಲಾ ಬಂದು ಮೆತ್ತಿಕೊಳ್ಳುತ್ತವೆ. ಕೊನೆಗೆ ಕಂಬಳಿಯ ತುಂಡಿನಂಥ ಒಂದು ಗಂಟು ತಯಾರಾಗುತ್ತದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಇನ್ನೂ ಬೇಗ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಬೆಳ್ಳಗೆ ಅಂಟಂಟಾದ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಗೆರೆ ಕಟ್ಟುತ್ತದಲ್ಲ, ಅದೇ. ಕೂದಲಿನ ಎಳೆಗಳನ್ನು ಒಂದಕ್ಕೊಂದು ಅಂಟಿಸುವ ಗೋಂದು ಅದು. ಶಾಂಪೂ ಈ ಜಿಡ್ಡನ್ನು ಕಟ್ಟುವುದಿಲ್ಲ, ಸೋಪೇ ಕಟ್ಟುವುದು. ತಲೆಗೂ ಸೋಪೇ ಹಾಕುವ ಹಿರಿಯರು ಮನೆಯಲ್ಲಿದ್ದರೆ ಬಚ್ಚಲನ್ನು ಸ್ವಲ್ಪ ಹೆಚ್ಚೇ ನೋಡಿಕೊಳ್ಳಬೇಕು.

ಇನ್ನು ಎಣ್ಣೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಗ್ಗೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸುತ್ತೀರಲ್ಲ? ಪೈಪಿನೊಳಗೂ ಅದೇ ಕತೆ. ಬಿಸಿನೀರಿನ ಜೊತೆ ಕರಗಿ ಇಳಿದ ಎಣ್ಣೆ ತಣ್ಣನೆಯ ಪೈಪಿಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ಅಷ್ಟು ಹೊತ್ತಿಗೆ ಕೂದಲಿನ ಬಲೆ ಅಲ್ಲಿ ಸಿದ್ಧವಾಗಿಯೇ ಇರುತ್ತದೆ. ದೀಪಾವಳಿಯ ಬೆಳಗ್ಗೆ ಐದಾರು ಜನರ ಎಣ್ಣೆ, ಸೀಗೆಪುಡಿ ಒಟ್ಟಿಗೆ ಇಳಿದರೆ ಬಚ್ಚಲಾದರೂ ಏನು ಮಾಡೀತು ಪಾಪ!

ಬೈಗುಳ ಯಾರಿಗೆ?

ಬಚ್ಚಲು ಕಟ್ಟಿಕೊಂಡಾಗ ಮನೆಯಲ್ಲಿ ಮಾತು ಕೇಳಬೇಕಾದವಳು ಉದ್ದ ಕೂದಲಿನವಳೇ. ‘ಎಲ್ಲಾ ಇವಳ ಕೂದಲೇ’ ಅಂತ ಮಗಳಿಗೋ ಸೊಸೆಗೋ ಒಂದು ಮಾತು ಬೀಳುತ್ತದೆ. ‘ಕತ್ತರಿಸಿಕೊಂಡು ಬಾ, ಕಾಟ ತಪ್ಪುತ್ತೆ’ ಅಂದ ಅತ್ತೆಯರನ್ನೂ ನಾನು ಬಲ್ಲೆ. ನಿಜ, ಉದ್ದ ಎಳೆ ಬೇಗ ಸುತ್ತಿಕೊಳ್ಳುತ್ತದೆ. ಆದರೆ ಬಲೆ ಹೆಣೆದವರು ಒಬ್ಬರಾದರೆ ಅದನ್ನು ತುಂಬಿದವರು ಎಲ್ಲರೂ. ವಾಶ್‌ಬೇಸಿನ್ನಿನಲ್ಲಿ ಗಡ್ಡ ಟ್ರಿಮ್ ಮಾಡಿ ನೀರು ಬಿಡುವ ಯಜಮಾನರ ಪಾಲೂ ಅದರಲ್ಲಿದೆ. ಅಪಾರ್ಟ್‌ಮೆಂಟುಗಳಲ್ಲಿ ಬೇಸಿನ್ನಿನ ನೀರು ಹಲವು ಕಡೆ ಬಂದು ಸೇರುವುದು ಇದೇ ಬಚ್ಚಲ ಗುಂಡಿಗೇ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಜಾಲರಿಯ ಮೇಲೆ ಕೂದಲಿನ ಉಂಡೆ ಕಂಡೊಡನೆ ‘ಅಯ್ಯೋ, ತಲೆ ಬೋಳಾಗ್ತಾ ಇದೆ’ ಅಂತ ಗಾಬರಿ ಬೀಳುವವರೇ ಹೆಚ್ಚು. ಆರೋಗ್ಯವಾಗಿರುವವರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜಡೆ ಹಾಕಿಕೊಳ್ಳುವವರಲ್ಲಿ ಉದುರಿದ ಕೂದಲು ಅಲ್ಲೇ ಸಿಕ್ಕಿಕೊಂಡಿದ್ದು, ವಾರಕ್ಕೊಮ್ಮೆ ತಲೆಸ್ನಾನ ಮಾಡಿದಾಗ ಒಟ್ಟಿಗೆ ಹೊರಬರುತ್ತದೆ. ನೋಡಲು ದೊಡ್ಡ ಉಂಡೆ, ಲೆಕ್ಕ ಹಾಕಿದರೆ ವಾರದ ಬಾಬ್ತು. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ, ಟೈಫಾಯ್ಡ್, ಡೆಂಗೆ, ಕೋವಿಡ್‌ನಂಥ ಜ್ವರ ಬಂದು ಹೋದ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ಕೆಲವು ತಿಂಗಳಲ್ಲಿ ಹೆಚ್ಚಿನವರಿಗೆ ತಾನಾಗಿ ನಿಂತು ಮತ್ತೆ ಹುಟ್ಟುತ್ತದೆ. ಬಾಣಂತಿ ಮೊದಲೇ ನಿದ್ದೆಗೆಟ್ಟು ಸೋತಿರುತ್ತಾಳೆ. ಅವಳಿಗೆ ಬಚ್ಚಲಿನ ಲೆಕ್ಕ ಒಪ್ಪಿಸಬೇಡಿ. ಆದರೆ ನಾಣ್ಯದ ಹಾಗೆ ದುಂಡಗೆ ಕೂದಲು ಹೋಗಿದ್ದರೆ, ಅಥವಾ ಉದುರುವುದರ ಜೊತೆ ತುಂಬಾ ಸುಸ್ತು, ತೂಕದಲ್ಲಿ ಏರುಪೇರು, ಮುಟ್ಟಿನ ತೊಂದರೆ ಇದ್ದರೆ ಡಾಕ್ಟರನ್ನು ಕಾಣಿ. ಥೈರಾಯ್ಡ್ ಅಥವಾ ಕಬ್ಬಿಣದ ಕೊರತೆ ಇದ್ದರೆ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ಆಸಿಡ್ ಏಕೆ ಬೇಡ?

ಕೂದಲು ಸಾಮಾನ್ಯ ವಸ್ತುವಲ್ಲ ಕಣ್ರೀ. ಈಜಿಪ್ಟಿನ ಮಮ್ಮಿಗಳ ತಲೆಯ ಮೇಲೆ ಸಾವಿರಾರು ವರ್ಷಗಳ ನಂತರವೂ ಕೂದಲು ಉಳಿದಿದೆ! ಅದು ಕೆರಟಿನ್ ಎಂಬ ಗಟ್ಟಿ ಪ್ರೋಟೀನ್. ಬಾತ್‌ರೂಮಿಗೆಂದು ಮಾರುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಬಚ್ಚಲಿಗೆ ಸುರಿದ ಆ ಐದು ಹತ್ತು ನಿಮಿಷದಲ್ಲಿ ಅದು ಕೂದಲನ್ನು ಕರಗಿಸುವುದಿಲ್ಲ. ಸುತ್ತಲಿನ ಸುಣ್ಣದ ಜಿಡ್ಡನ್ನು ಸ್ವಲ್ಪ ಕರಗಿಸುತ್ತದೆ. ಹಾಗಾಗಿ ನೀರು ಒಂದೆರಡು ದಿನ ಸರಾಗವಾಗಿ ಹೋದಂತೆ ಕಾಣುತ್ತದೆ. ಗಂಟು ಮಾತ್ರ ಇದ್ದಲ್ಲೇ ಇರುತ್ತದೆ.

ಕೂದಲನ್ನು ಬಿಟ್ಟು ಆಸಿಡ್ ತಿನ್ನುವುದು ಬೇರೆಯದನ್ನು. ಟೈಲ್ಸ್ ನಡುವಿನ ಸಿಮೆಂಟನ್ನು ತಿನ್ನುತ್ತದೆ, ಮಾರ್ಬಲ್ ಅನ್ನು ಮಂಕು ಮಾಡುತ್ತದೆ, ಸ್ಟೀಲ್ ಜಾಲರಿಗೆ ತೂತು ಬೀಳಿಸುತ್ತದೆ. ಟೈಲ್ಸ್ ಸಂದಿಯ ಸಿಮೆಂಟ್ ಹೋಯಿತೆಂದರೆ ನೀರು ನೆಲದೊಳಗೆ ಇಳಿಯಲು ಶುರು. ನಾಲ್ಕಾರು ತಿಂಗಳ ಮೇಲೆ ಕೆಳಗಿನ ಮನೆಯವರು ಬಂದು ‘ನಮ್ಮ ಬಾತ್‌ರೂಮಿನ ಸೀಲಿಂಗ್ ತೊಟ್ಟಿಕ್ಕುತ್ತಾ ಇದೆ’ ಅಂತ ಬಾಗಿಲು ಬಡಿಯುತ್ತಾರೆ. ನೆಲ ಒಡೆಸಿ ಮತ್ತೆ ಹಾಕಿಸುವ ಖರ್ಚು ಒಂದು ಕಡೆ, ಹಳಸಿದ ನೆರೆಹೊರೆ ಇನ್ನೊಂದು ಕಡೆ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎರಡು ಮನೆಯವರು ಇದೇ ಕಾರಣಕ್ಕೆ ಲಿಫ್ಟಿನಲ್ಲಿ ಎದುರಾದರೂ ಮುಖ ತಿರುಗಿಸುತ್ತಾರೆ.

ಎಲ್ಲಕ್ಕಿಂತ ಭಯದ ವಿಷಯ ಬೆರಕೆ. ಸಂಜೆ ಆಸಿಡ್ ಹಾಕಿದ್ದು ಕೆಲಸ ಮಾಡಲಿಲ್ಲ ಅಂತ ಬೆಳಗ್ಗೆ ಬ್ಲೀಚಿಂಗ್ ಪೌಡರ್ ಸುರಿಯುವವರಿದ್ದಾರೆ. ಇವೆರಡೂ ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ. ಶ್ವಾಸಕೋಶವನ್ನೇ ಸುಡುವ ವಿಷಗಾಳಿ ಅದು. ಟಾಯ್ಲೆಟ್ ತೊಳೆಯುವ ನೀಲಿ ದ್ರವಗಳಲ್ಲೂ ಎಷ್ಟೋ ಬಾರಿ ಇದೇ ಆಮ್ಲ ಇರುತ್ತದೆ. ‘ನಾನು ಆಸಿಡ್ ಮುಟ್ಟೇ ಇಲ್ಲ’ ಅಂದುಕೊಂಡು ಅದರ ಮೇಲೆ ಬ್ಲೀಚ್ ಹಾಕಿದರೂ ಅಪಾಯ ಅಷ್ಟೇ. ಅಕಸ್ಮಾತ್ ಘಾಟು ಬಂದು, ಕಣ್ಣುರಿದು ಕೆಮ್ಮು ಬಂದರೆ ತೊಳೆಯಲು ನಿಲ್ಲಬೇಡಿ. ತಕ್ಷಣ ಹೊರಗೆ ಬಂದು, ಕಿಟಕಿ ಬಾಗಿಲು ತೆರೆದು ಒಳ್ಳೆಯ ಗಾಳಿಗೆ ಹೋಗಿ. ಕಣ್ಣಿಗೆ ಸಿಡಿದಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಹೊರಡಿ. ಉಸಿರಾಟ ಕಷ್ಟವಾದರೂ ಹಾಗೆಯೇ, ತಡಮಾಡಬೇಡಿ.

ಆಸಿಡ್ ಮಾರಾಟಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿತು. ಕೊಳ್ಳುವವರು ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು, ಅಂಗಡಿಯವರು ಲೆಕ್ಕ ಬರೆದಿಡಬೇಕು, 18 ವರ್ಷದೊಳಗಿನವರಿಗೆ ಕೊಡಕೂಡದು ಅಂತ ಆದೇಶವಾಯಿತು. ಹೆಣ್ಣುಮಕ್ಕಳ ಮುಖದ ಮೇಲೆ ಎರಚಲು ಬಳಸಿದ ವಸ್ತು ಅದು. ಅಂಥದ್ದನ್ನು ಫಿನಾಯಿಲ್ ಪಕ್ಕದಲ್ಲಿ, ಹಳೇ ಜ್ಯೂಸ್ ಬಾಟಲಿಯಲ್ಲಿ ಇಟ್ಟುಕೊಳ್ಳುವ ಮನೆಗಳಿವೆ. ಪುಟ್ಟ ಮಕ್ಕಳಿದ್ದರಂತೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಅಂಗಡಿಯಲ್ಲಿ ಸಿಗುವ ಡ್ರೈನ್ ಕ್ಲೀನರ್ ಪುಡಿ? ಅದರಲ್ಲಿ ಹೆಚ್ಚಾಗಿ ಇರುವುದು ಕಾಸ್ಟಿಕ್ ಸೋಡಾ. ಅದು ಕೂದಲನ್ನು ಮೆತ್ತಗೆ ಮಾಡಬಲ್ಲದು, ಜಿಡ್ಡನ್ನೂ ಕರಗಿಸುತ್ತದೆ. ಆದರೆ ನೀರು ತಾಗಿದೊಡನೆ ಕೊತಕೊತ ಬಿಸಿಯಾಗುತ್ತದೆ, ಚರ್ಮ ಸುಡುತ್ತದೆ. ಗಂಟು ದೊಡ್ಡದಿದ್ದರೆ ಪುಡಿ ಅಲ್ಲೇ ಕಲ್ಲಿನ ಹಾಗೆ ಗಟ್ಟಿಯಾಗುವುದೂ ಉಂಟು. ಹಾಕಲೇಬೇಕಿದ್ದರೆ ಪ್ಯಾಕೆಟ್ ಮೇಲೆ ಬರೆದಷ್ಟೇ ಹಾಕಿ. ಗ್ಲೌಸ್ ಹಾಕಿಕೊಳ್ಳಿ, ಬೇರೆ ಯಾವುದನ್ನೂ ಬೆರೆಸಬೇಡಿ. ಅದು ಒಳಗಿರುವಾಗ ಪ್ಲಂಜರ್ ಒತ್ತಬೇಡಿ, ಮುಖಕ್ಕೆ ಸಿಡಿಯುತ್ತದೆ. ಆಮೇಲೆ ಪ್ಲಂಬರ್ ಬಂದರೆ ‘ಇಂಥದ್ದು ಹಾಕಿದ್ದೀವಿ’ ಅಂತ ಮೊದಲೇ ಹೇಳಿಬಿಡಿ. ಕೈ ಹಾಕುವವರು ಅವರು.

ಅಡುಗೆ ಸೋಡಾ, ವಿನೆಗರ್ ಉಪಾಯ ಈಗ ಎಲ್ಲರ ಬಾಯಲ್ಲೂ ಇದೆ. ಬುಸ್ಸಂತ ನೊರೆ ಬರುತ್ತದೆ, ನೋಡಲು ಚೆಂದ. ಆದರೆ ಎರಡೂ ಸೇರಿದರೆ ಒಂದರ ಗುಣವನ್ನು ಇನ್ನೊಂದು ಕಳೆದು, ಉಳಿಯುವುದು ಉಪ್ಪುನೀರಿನಂಥ ದ್ರಾವಣ ಅಷ್ಟೇ. ವಾಸನೆಗೆ ಸ್ವಲ್ಪ ಆದೀತು, ಕೂದಲಿಗೆ ಉಪಯೋಗವಿಲ್ಲ. ನನ್ನನ್ನು ಕೇಳಿದರೆ ಸೋಡಾವನ್ನು ಬೋಂಡಾಕ್ಕೇ ಇಟ್ಟುಕೊಳ್ಳಿ!

ಎಳೆದು ತೆಗೆಯುವುದೇ ಮದ್ದು

ಸೈಕಲ್ ಚಕ್ರದ ಹಳೇ ಕಡ್ಡಿಯೊಂದನ್ನು ಸೈಕಲ್ ಶಾಪಿನಿಂದ ತನ್ನಿ. ಅದರ ತುದಿಯನ್ನು ಇಕ್ಕಳದಲ್ಲಿ ಸಣ್ಣ ಕೊಕ್ಕೆಯಾಗಿ ಬಗ್ಗಿಸಿ. ಬಟ್ಟೆ ಹಾಕುವ ತಂತಿ ಹ್ಯಾಂಗರ್ ಆದರೂ ನಡೆದೀತು. ಎರಡೂ ಅಂಚಿಗೆ ಹಲ್ಲುಗಳಿರುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿಗಳು ಈಗ ಸಿಗುತ್ತವೆ, ಅವೂ ಚೆನ್ನಾಗಿವೆ. ಜೊತೆಗೆ ರಬ್ಬರ್ ಗ್ಲೌಸ್, ಹಳೇ ಪೇಪರ್, ಟಾರ್ಚ್, ಸ್ಕ್ರೂಡ್ರೈವರ್, ಬಿಸಾಡಬೇಕೆಂದಿದ್ದ ಟೂತ್‌ಬ್ರಷ್ ಇಟ್ಟುಕೊಳ್ಳಿ. ಸ್ನಾನದ ಗಲಾಟೆ ಮುಗಿದು ಎಲ್ಲರೂ ಹೊರಟ ಮೇಲೆ, ತಿಂಡಿ ತಿಂದು ಕನಿಷ್ಠ ಒಂದು ಗಂಟೆಯಾದ ಮೇಲೆ ಶುರು ಮಾಡಿ. ಯಾಕೆ ಅಂತ ಆಮೇಲೆ ನಿಮಗೇ ಗೊತ್ತಾಗುತ್ತದೆ.

ನಿಂತ ನೀರನ್ನು ಮಗ್ಗಿನಲ್ಲಿ ಬಕೆಟ್ಟಿಗೆ ತುಂಬಿ ಟಾಯ್ಲೆಟ್ಟಿಗೆ ಸುರಿಯಿರಿ. ಜಾಲರಿ ತೆಗೆಯಿರಿ. ಸ್ಕ್ರೂ ತುಕ್ಕು ಹಿಡಿದು ಮೊಂಡಾಟ ಮಾಡಿದರೆ ಒಂದು ತೊಟ್ಟು ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಜಾಲರಿಯ ಕೆಳಗೆ ಇರುವ ಗುಂಡಿಯನ್ನು ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಅನ್ನುತ್ತಾರೆ. ಅದರಲ್ಲಿ ಸುಮಾರು ಎರಡು ಇಂಚು ನೀರು ಯಾವಾಗಲೂ ನಿಂತಿರಬೇಕು. ಚರಂಡಿಯ ವಾಸನೆ, ಜಿರಳೆ ಮೇಲೆ ಬರದಂತೆ ತಡೆಯುವುದೇ ಆ ನೀರು. ಕೆಲವು ಜಾಲರಿಗಳ ಕೆಳಗೆ ಬೋರಲಾಗಿ ಕೂರುವ ಒಂದು ಬಟ್ಟಲೂ ಇರುತ್ತದೆ. ನೀರು ನಿಧಾನವಾಯಿತೆಂದು ಆ ಬಟ್ಟಲನ್ನೇ ಕಿತ್ತೆಸೆದು, ಆಮೇಲೆ ‘ಮನೆ ತುಂಬಾ ಜಿರಳೆ’ ಅಂತ ಸ್ಪ್ರೇ ಹೊಡೆಯುತ್ತಾ ಕೂರುವವರು ಬೇಕಾದಷ್ಟು ಜನ. ಬಟ್ಟಲನ್ನು ಎತ್ತಿ ತೊಳೆದು ಮತ್ತೆ ಅಲ್ಲೇ ಕೂರಿಸಿ.

ಈಗ ಕೊಕ್ಕೆಯನ್ನು ಗುಂಡಿಯ ಗೋಡೆಗೆ ತಾಗಿಸಿಕೊಂಡು ನಿಧಾನವಾಗಿ ಇಳಿಸಿ. ಮೆತ್ತಗೆ ಏನೋ ತಡೆದಂತೆ ಆದರೆ ಅದೇ! ಒಂದೇ ದಿಕ್ಕಿಗೆ ಎರಡು ಮೂರು ಸುತ್ತು ತಿರುಗಿಸಿ, ಶಾವಿಗೆಯನ್ನು ಫೋರ್ಕಿಗೆ ಸುತ್ತುವ ಹಾಗೆ. ಆಮೇಲೆ ಮೆಲ್ಲಗೆ ಎಳೆಯಿರಿ. ಜೋರಾಗಿ ಜಗ್ಗಿದರೆ ಅರ್ಧಕ್ಕೆ ಕಿತ್ತು ಉಳಿದದ್ದು ಒಳಗೆ ಜಾರುತ್ತದೆ. ಇಲಿಯ ಬಾಲದಂಥ ಕಪ್ಪು ಲೋಳೆ ಮೇಲೆ ಬರುತ್ತದೆ. ವಾಸನೆ ಸಾಕಷ್ಟು ಇರುತ್ತದೆ. ಮೂಗು ಮುಚ್ಚಿಕೊಂಡು ಅದನ್ನು ನೇರವಾಗಿ ಪೇಪರಿಗೆ ಹಾಕಿ ಸುತ್ತಿ ಕಸದ ಡಬ್ಬಕ್ಕೆ ಹಾಕಿ. ಕಮೋಡಿಗೆ ಮಾತ್ರ ಹಾಕಬೇಡಿ, ಅದು ಮುಂದೆ ಹೋಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಕೊಕ್ಕೆ ಖಾಲಿಯಾಗಿ ಬರುವವರೆಗೂ ಹೀಗೇ ಮಾಡಿ.

ಗೋಡೆಗೆ ಅಂಟಿದ ಲೋಳೆಯನ್ನು ಬ್ರಷ್‌ನಿಂದ ಉಜ್ಜಿ. ಅರ್ಧ ಬಕೆಟ್ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಚಮಚ ಹಾಕಿ ಒಂದೇ ಸಲ ಸುರಿಯಿರಿ. ಗೀಸರಿನ ಬಿಸಿ ಸಾಕು. ಕುದಿಯುವ ನೀರು ಪಿವಿಸಿ ಪೈಪನ್ನು ಮೆತ್ತಗಾಗಿಸುತ್ತದೆ, ಅದರ ಕೀಲುಗಳಿಗೂ ಒಳ್ಳೆಯದಲ್ಲ. ಇಷ್ಟಾದರೂ ನೀರು ನಿಧಾನ ಅನ್ನಿಸಿದರೆ ಆಗ ಪ್ಲಂಜರ್ ತನ್ನಿ. ರಬ್ಬರಿನ ಬಾಯಿ ಮುಳುಗುವಷ್ಟು ನೀರು ಇಟ್ಟುಕೊಂಡು ಹತ್ತು ಹದಿನೈದು ಸಲ ಒತ್ತಿ ಎಳೆಯಿರಿ. ಬೇಸಿನ್ ಇದೇ ಗುಂಡಿಗೆ ಸೇರಿದ್ದರೆ ಅದರ ಬಾಯಿಗೆ ಒದ್ದೆ ಬಟ್ಟೆ ತುರುಕಿ, ಇಲ್ಲದಿದ್ದರೆ ಗಾಳಿ ಅಲ್ಲಿಂದ ಹೋಗಿಬಿಡುತ್ತದೆ. ಕೂದಲು ತೆಗೆಯುವ ಮೊದಲೇ ಪ್ಲಂಜರ್ ಒತ್ತಿದರೆ ಗಂಟು ಕೈಗೆ ಸಿಗದ ಕಡೆಗೆ ಹೋಗಿ ಕೂರುತ್ತದೆ. ಹಾಗಾಗಿ ಕೊಕ್ಕೆ ಮೊದಲು, ಪ್ಲಂಜರ್ ಆಮೇಲೆ.

ಬೇಸಿನ್ನೇ ಕಟ್ಟಿಕೊಂಡಿದ್ದರೆ ಕೆಳಗೆ ಬಾಟಲಿಯಂಥ ಒಂದು ಭಾಗ ಇರುತ್ತದಲ್ಲ, ಅದರಡಿಗೆ ಬಕೆಟ್ ಇಟ್ಟು ಕೈಯಲ್ಲೇ ತಿರುಗಿಸಿ ಬಿಚ್ಚಿ. ಕೂದಲಿನ ಜೊತೆ ಕಳೆದುಹೋಗಿದ್ದ ಮೂಗುಬೊಟ್ಟೂ ಸಿಕ್ಕೀತು! ಮನೆಯ ಎಲ್ಲಾ ಬಚ್ಚಲುಗಳೂ ಒಟ್ಟಿಗೆ ನಿಧಾನವಾಗಿದ್ದರೆ, ಟಾಯ್ಲೆಟ್ ಫ್ಲಶ್ ಮಾಡಿದಾಗ ಬಚ್ಚಲಲ್ಲಿ ಗುಳುಗುಳು ಸದ್ದು ಬಂದರೆ, ತೊಂದರೆ ಹೊರಗಿನ ಪೈಪಿನದ್ದು. ಅದು ಕೊಕ್ಕೆಯ ಕೆಲಸವಲ್ಲ, ಪ್ಲಂಬರ್‌ನ್ನೇ ಕರೆಸಬೇಕು.

ಈ ಕೆಲಸವನ್ನು ಮನೆಕೆಲಸದಾಕೆಗೆ ಹೇಳುವವರು ಒಂದು ಮಾತು ಕೇಳಿ. ಅದು ನಮ್ಮದೇ ತಲೆಯ ಕೂದಲು. ನಮಗೇ ಮುಟ್ಟಲು ಅಸಹ್ಯ ಅನ್ನಿಸುವುದನ್ನು ಆಕೆ ಬರಿಗೈಯಲ್ಲಿ ಎತ್ತಬೇಕೆನ್ನುವುದು ಯಾವ ನ್ಯಾಯ? ಆಕೆ ಒಪ್ಪಿ ಮಾಡುವುದಾದರೂ ಗ್ಲೌಸ್ ಕೊಡಿ, ಕೊಕ್ಕೆ ಕೊಡಿ, ಕೈಗೆ ಆಸಿಡ್ ಬಾಟಲಿಯನ್ನಂತೂ ಕೊಡಬೇಡಿ.

ಮತ್ತೆ ಕಟ್ಟದ ಹಾಗೆ

ತಲೆಗೆ ನೀರು ಹಾಕುವ ಮೊದಲು ಒಣ ಕೂದಲನ್ನು ಚೆನ್ನಾಗಿ ಬಾಚಿ. ಬಚ್ಚಲಿಗೆ ಇಳಿಯಬೇಕಾದ ಕೂದಲಿನ ದೊಡ್ಡ ಪಾಲು ಬಾಚಣಿಗೆಯಲ್ಲೇ ಸಿಗುತ್ತದೆ. ಅಜ್ಜಿಯರು ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಗೋ ಡಬ್ಬಿಗೋ ಹಾಕಿಡುತ್ತಿದ್ದರು, ನೆನಪಿದೆಯೇ? ಅದಕ್ಕೆ ಬೆಲೆಯೂ ಇತ್ತು, ಈಗಲೂ ಇದೆ. ಕೂದಲು ಕೊಟ್ಟರೆ ಪಾತ್ರೆ, ಪಿನ್ನು ಕೊಡುವವರು ಊರೂರು ಸುತ್ತುತ್ತಾರೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಬಿಡಿಸಿ, ವಿಂಗಡಿಸಿ ಮಾರುವ ಉದ್ಯಮವೇ ಬೆಳೆದಿದೆ. ಎಷ್ಟೋ ಹೆಣ್ಣುಮಕ್ಕಳ ಸಂಪಾದನೆ ಅದರಿಂದ ನಡೆಯುತ್ತದೆ. ಬಚ್ಚಲಿಗೆ ಬಿದ್ದು ಲೋಳೆಯಾದದ್ದನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ.

ಜಾಲರಿಯ ತೂತು ದೊಡ್ಡದಿದ್ದರೆ ಮೇಲೊಂದು ಸಣ್ಣ ಕಣ್ಣಿನ ಸ್ಟೀಲ್ ಅಥವಾ ಸಿಲಿಕೋನ್ ಜಾಲರಿ ಇಡಿ. ಆದರೆ ಸ್ನಾನ ಮುಗಿಸಿದವರು ಅದರ ಮೇಲಿನ ಕೂದಲನ್ನು ತೆಗೆದು ಡಬ್ಬಕ್ಕೆ ಹಾಕಿಯೇ ಹೊರಗೆ ಬರಬೇಕು. ಬಾತ್‌ರೂಮಿನಲ್ಲೇ ಮುಚ್ಚಳದ ಒಂದು ಪುಟ್ಟ ಡಬ್ಬ ಇಟ್ಟುಬಿಡಿ, ನೆಪ ಹೇಳಲು ಜಾಗವಿರುವುದಿಲ್ಲ. ಹಾಸ್ಟೆಲ್‌ನಿಂದ ರಜೆಗೆ ಬಂದ ಮಗನಿಗೂ ಈ ಪಾಠ ಆಗಲಿ.

ಸೀಗೆಪುಡಿ, ಕಡಲೆಹಿಟ್ಟನ್ನು ತೆಳುಬಟ್ಟೆಯಲ್ಲಿ ಸೋಸಿ ಬಳಸಿದರೆ ಗಸಿ ಕೆಳಗೆ ಇಳಿಯುವುದಿಲ್ಲ. ಎಣ್ಣೆಸ್ನಾನದ ದಿನ ಕೊನೆಯವರ ಸ್ನಾನವಾದ ಮೇಲೆ ಒಂದು ಬಕೆಟ್ ಬಿಸಿನೀರು ಸುರಿಯಿರಿ. ಜಾಲರಿ ಎತ್ತಿ ಕೈಯಾಡಿಸುವುದನ್ನು ಹದಿನೈದು ದಿನಕ್ಕೊಮ್ಮೆ ಇಟ್ಟುಕೊಂಡರೆ ಐದು ನಿಮಿಷದ ಕೆಲಸ. ದೀಪಾವಳಿ, ಯುಗಾದಿಗೆ ಮನೆ ತೊಳೆಯುವಾಗ ಫ್ಯಾನು, ಕಿಟಕಿಗಳ ಜೊತೆ ಬಚ್ಚಲ ಗುಂಡಿಯನ್ನೂ ಪಟ್ಟಿಗೆ ಸೇರಿಸಿ. ಹಬ್ಬದ ಹಿಂದಿನ ದಿನ ತೆಗೆದುಬಿಟ್ಟರೆ ಆರನೆಯವರ ಸ್ನಾನವೂ ನಿರಾತಂಕ.

ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದಾಗ ಬಾತ್‌ರೂಮ್ ಗಬ್ಬು ನಾರುತ್ತಿದ್ದರೆ ಅದು ಕಟ್ಟಿಕೊಂಡದ್ದಲ್ಲ. ಗುಂಡಿಯ ನೀರು ಆರಿಹೋಗಿ ಚರಂಡಿಯ ಗಾಳಿ ಮೇಲೆ ಬಂದಿರುತ್ತದೆ. ಎರಡು ಮಗ್ ನೀರು ಸುರಿದು, ಕಿಟಕಿ ತೆರೆದಿಟ್ಟು, ಕಾಫಿ ಕುಡಿದು ಬನ್ನಿ. ಅಷ್ಟರಲ್ಲಿ ವಾಸನೆ ಹೋಗಿರುತ್ತದೆ.